ನಾಯಿ ಉಗುರು ಕತ್ತರಿಸೋದು ಹೇಗೆ? ನಾಲ್ಕು ಜನ ಹಿಡಿಯೋದು ಬೇಡ, ನಾಲ್ಕು ವಾರ ಟೈಮ್ ಕೊಡಿ

ಮುಧೋಳ: ಭಾನುವಾರ ಬೆಳಿಗ್ಗೆ, ಮನೆ ಮುಂದಿನ ಕಟ್ಟೆ. ನಾಯಿಯ ಕುತ್ತಿಗೆ ಒಬ್ಬರ ಕೈಯಲ್ಲಿ, ಹಿಂಗಾಲು ಇನ್ನೊಬ್ಬರ ಕೈಯಲ್ಲಿ. ಬಾಯಿಗೆ ಹಳೇ ಟವೆಲ್ ಸುತ್ತಿ ಹಿಡಿದವರು ಮತ್ತೊಬ್ಬರು. ಕಟರ್ ಹಿಡಿದ ನಾಲ್ಕನೆಯವರು ‘ಗಟ್ಟಿ ಹಿಡೀರಿ, ಗಟ್ಟಿ ಹಿಡೀರಿ’ ಅಂತ ಕೂಗುತ್ತಿರುತ್ತಾರೆ. ಎರಡು ಉಗುರು ಆಗುತ್ತವೆ, ಮೂರನೆಯದಕ್ಕೆ ರಕ್ತ ಬರುತ್ತದೆ. ನಾಯಿ ಕೊಸರಿಕೊಂಡು ಹೋಗಿ ಮಂಚದ ಕೆಳಗೆ ಸೇರುತ್ತದೆ. ಮುಂದಿನ ತಿಂಗಳು ಕಟರ್ ಇಟ್ಟ ಡಬ್ಬಿಯ ಸಪ್ಪಳ ಕೇಳಿದರೆ ಸಾಕು, ಅದು ಮನೆ ಸುತ್ತಮುತ್ತ ಎಲ್ಲೂ ಕಾಣಲ್ಲ.

ಬಾಗಲಕೋಟೆ ಜಿಲ್ಲೆಯಲ್ಲಿ ನಾಯಿ ಸಾಕಿದವರಿಗೆ ಈ ಸೀನ್ ಹೊಸದೇನಲ್ಲ. ಅದರಲ್ಲೂ ಮುಧೋಳ ತಳಿಯ ನಾಯಿ ಇದ್ದವರಿಗೆ ಇದು ದೊಡ್ಡ ತಲೆನೋವು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ, ಆಮೇಲೆ ಸೇನೆಗೂ ಹೋದ ಈ ನಾಯಿ ಓಟದಲ್ಲಿ ಎಷ್ಟು ಚುರುಕೋ ಮೈ ಮುಟ್ಟಿಸಿಕೊಳ್ಳೋ ವಿಷಯದಲ್ಲಿ ಅಷ್ಟೇ ಬಿಗುಮಾನದ್ದು. ಪರಿಚಯ ಇಲ್ಲದವರು ಕೈ ಹಾಕಿದರೆ ಸಹಿಸಲ್ಲ. ಮನೆಯವರೇ ಆದರೂ ಒತ್ತಿ ಹಿಡಿದರೆ ಹೆದರುತ್ತದೆ. ಬಹಳಷ್ಟು ನಾಯಿಗಳಿಗೆ ಭಯ ಹುಟ್ಟೋದು ಕತ್ತರಿಯಿಂದಲ್ಲ, ಆ ಹಿಡಿತದಿಂದ. ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮ ಕಡೆ ಎತ್ತಿಗೆ ಲಾಳ ಹೊಡೆಯುವಾಗ ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ ಕೆಲಸ ಮುಗಿಸುತ್ತಾರೆ. ಅದೇ ಲೆಕ್ಕ ನಾಯಿಗೂ ನಡೆಯುತ್ತದೆ ಅಂತ ಸುಮಾರು ಮಂದಿ ಅಂದುಕೊಂಡಿದ್ದಾರೆ. ಆದರೆ ನಾಯಿಯ ಲೆಕ್ಕ ಬೇರೆ. ಪ್ರತಿ ಕಾಲಿಗೆ ನಾಲ್ಕು ಉಗುರು, ಜೊತೆಗೆ ಮುಂಗಾಲುಗಳ ಒಳಬದಿಯಲ್ಲಿ ಸ್ವಲ್ಪ ಮೇಲಿರುವ ಹೆಬ್ಬೆಟ್ಟಿನ ಉಗುರು ಒಂದೊಂದು. ಸಾಮಾನ್ಯವಾಗಿ ಒಟ್ಟು 18. ತಿಂಗಳಿಗೊಮ್ಮೆ ಅಂದರೂ ವರ್ಷಕ್ಕೆ 216 ಸಲ ಕತ್ತರಿ ಆಡಿಸಬೇಕು. ಅಷ್ಟೂ ಸಲ ನಾಲ್ಕು ಜನರನ್ನು ಎಲ್ಲಿಂದ ಕರೆಯೋದು?

ಉಗುರು ಹಂಗೇ ಬಿಟ್ಟರೆ ಏನಾಗುತ್ತೆ?

ಹೊಲದಲ್ಲಿ, ಮಡ್ಡಿ ಜಾಗದಲ್ಲಿ, ಡಾಂಬರು ರಸ್ತೆಯಲ್ಲಿ ದಿನಾ ಓಡಾಡುವ ನಾಯಿಗೆ ಉಗುರು ತಾನಾಗೇ ಸವೆಯುತ್ತದೆ. ಸಮಸ್ಯೆ ಇರೋದು ಕಟ್ಟಿ ಹಾಕಿದ ನಾಯಿಗೆ, ಟೈಲ್ಸ್ ಮನೆಯೊಳಗಿನ ನಾಯಿಗೆ, ಮೆತ್ತನೆ ಎರೆ ಮಣ್ಣಲ್ಲೇ ಇರುವ ನಾಯಿಗೆ, ವಯಸ್ಸಾಗಿ ಓಡಾಟ ಕಮ್ಮಿಯಾದ ನಾಯಿಗೆ. ನಡೆಯುವಾಗ ನೆಲದ ಮೇಲೆ ‘ಟಕ್ ಟಕ್’ ಸಪ್ಪಳ ಬರುತ್ತಿದೆ ಅಂದರೆ, ಸುಮ್ಮನೆ ನಿಂತಾಗಲೂ ಉಗುರು ನೆಲಕ್ಕೆ ತಾಗುತ್ತಿದೆ ಅಂದರೆ ಕತ್ತರಿಸುವ ಟೈಮ್ ಬಂದಿದೆ ಅಂತಲೇ ಅರ್ಥ.

ಉದ್ದ ಉಗುರು ನೆಲಕ್ಕೆ ಒತ್ತಿದಾಗ ಬೆರಳು ಹಿಂದಕ್ಕೆ, ಪಕ್ಕಕ್ಕೆ ತಳ್ಳಿದಂತಾಗುತ್ತದೆ. ನಾಯಿ ನಿಲ್ಲುವ ರೀತಿಯೇ ಬದಲಾಗುತ್ತದೆ, ನುಣ್ಣನೆ ನೆಲದ ಮೇಲೆ ಜಾರುತ್ತದೆ. ಕೀಲು ನೋವಿರುವ ಮುದಿ ನಾಯಿಗೆ ಇದರಿಂದ ಇನ್ನೂ ಕಷ್ಟ. ಓಡುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಉಗುರು ಬುಡದಿಂದಲೇ ಸೀಳಬಹುದು. ಎಲ್ಲಕ್ಕಿಂತ ಮೋಸ ಮಾಡೋದು ಹೆಬ್ಬೆಟ್ಟಿನ ಉಗುರು. ಅದು ನೆಲಕ್ಕೆ ತಾಗೋದೇ ಇಲ್ಲ, ಹಾಗಾಗಿ ಎಷ್ಟು ಓಡಿದರೂ ಸವೆಯಲ್ಲ. ಗಮನಿಸದೇ ಬಿಟ್ಟರೆ ಉಂಗುರದ ಹಾಗೆ ಸುತ್ತಿ ಚರ್ಮದೊಳಗೇ ಇಳಿಯುತ್ತದೆ. ನಾಯಿ ಮುಂಗಾಲು ನೆಕ್ಕುತ್ತಾ ಕೂತಿದ್ದರೆ ಮೊದಲು ಅಲ್ಲಿ ನೋಡಿ. ಈಗಾಗಲೇ ಚರ್ಮಕ್ಕೆ ಹೊಕ್ಕಿದ್ದರೆ ಮನೆಯಲ್ಲಿ ಕೈ ಹಾಕಬೇಡಿ, ಪಶು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮೊದಲ ವಾರ: ಕಟರ್ ಬೇಡವೇ ಬೇಡ

ಕಟರ್ ಕಪಾಟಿನಲ್ಲೇ ಇರಲಿ. ಈ ವಾರ ಬರೀ ಕಾಲು ಮುಟ್ಟಿಸಿಕೊಳ್ಳೋ ಅಭ್ಯಾಸ. ನಾಯಿ ಹೊರಗೆ ಸುತ್ತಾಡಿ ಬಂದು, ಸ್ವಲ್ಪ ದಣಿದು ಆರಾಮಾಗಿ ಮಲಗಿರುವ ಹೊತ್ತು ಒಳ್ಳೆಯದು. ಬೇಸಿಗೆಯಲ್ಲಾದರೆ ಬೆಳಗಿನ ತಂಪು ಹೊತ್ತೇ ಸರಿ. ಪಕ್ಕದಲ್ಲಿ ಕೂತುಕೊಳ್ಳಿ, ಮೇಲೆ ಬಾಗಬೇಡಿ. ಭುಜದ ಮೇಲೆ ಒಂದು ಸಲ ಕೈ ಇಡಿ, ತೆಗೆಯಿರಿ, ಒಂದು ತುಣುಕು ತಿನಿಸು ಕೊಡಿ. ಹೀಗೆ ಐದಾರು ಸಲ ಮಾಡಿದರೆ ಅವತ್ತಿಗೆ ಸಾಕು. ಮರುದಿನ ಮೊಣಕಾಲ ತನಕ, ಅದರ ಮರುದಿನ ಪಾದದ ತನಕ, ಆಮೇಲೆ ಪಾದವನ್ನು ಅಂಗೈಯಲ್ಲಿ ಹಿಡಿದು ಒಂದು ಸೆಕೆಂಡ್, ಎರಡು ಸೆಕೆಂಡ್. ಕೊನೆಗೆ ಒಂದೊಂದೇ ಬೆರಳನ್ನು ಮೆಲ್ಲಗೆ ಒತ್ತಿ ಉಗುರು ಹೊರಗೆ ಬರುವಂತೆ ಹಿಡಿಯೋದು.

ಇಲ್ಲಿ ಕ್ರಮ ಬಹಳ ಮುಖ್ಯ. ಮೊದಲು ಮುಟ್ಟಬೇಕು, ಆಮೇಲೆ ತಿನಿಸು. ಬಹಳ ಮಂದಿ ಉಲ್ಟಾ ಮಾಡುತ್ತಾರೆ. ಮೊದಲು ಚಿಕನ್ ತೋರಿಸಿ, ನಾಯಿ ತಿನ್ನುತ್ತಿರುವಾಗಲೇ ಕಾಲಿಗೆ ಕೈ ಹಾಕುತ್ತಾರೆ. ನಾಲ್ಕೇ ದಿನದಲ್ಲಿ ನಾಯಿಗೆ ಆಟ ತಿಳಿಯುತ್ತದೆ. ‘ಚಿಕನ್ ಬಂತು ಅಂದ್ರೆ ಕಾಲು ಹಿಡೀತಾರೆ’ ಅಂತ ಚಿಕನ್ ಕಂಡರೂ ದೂರ ಹೋಗುತ್ತದೆ. ಅದೇ ಮುಟ್ಟಿದ ಮೇಲೆ ಪ್ರತಿ ಸಲ ತಿನಿಸು ಬಂದರೆ, ಮುಟ್ಟೋದೇ ಒಳ್ಳೆಯದರ ಸೂಚನೆ ಆಗುತ್ತದೆ. ಕೆಲವು ನಾಯಿಗಳು ತಾವಾಗೇ ಕಾಲು ಮುಂದೆ ಚಾಚೋಕೆ ಶುರು ಮಾಡುತ್ತವೆ.

ತಿನಿಸು ಅಂದರೆ ದಿನಾ ಹಾಕೋ ರೊಟ್ಟಿ ಅಲ್ಲ. ಉಪ್ಪು ಖಾರ ಇಲ್ಲದೆ ಬೇಯಿಸಿದ ಚಿಕನ್, ಬೇಯಿಸಿದ ಮೊಟ್ಟೆ, ಪನೀರ್, ಇಂಥದ್ದು. ಕಡಲೆ ಕಾಳಿನಷ್ಟು ಸಣ್ಣ ತುಣುಕು ಸಾಕು. ಮನೆಯಲ್ಲಿ ಸಹಾಯಕ್ಕೆ ಇನ್ನೊಬ್ಬರಿದ್ದರೆ ಸ್ಟೀಲ್ ತಟ್ಟೆಗೆ ಗಟ್ಟಿ ಮೊಸರು ತೆಳ್ಳಗೆ ಬಳಿದು ಹಿಡಿಯಬಹುದು. ನೆಕ್ಕುತ್ತಾ ಇರುವ ನಾಯಿಯ ಮೈ ತಾನಾಗೇ ಸಡಿಲವಾಗುತ್ತದೆ. ಆದರೆ ಇಲ್ಲೂ ಕೈ ಮೊದಲು, ತಟ್ಟೆ ಆಮೇಲೆ.

ಒಂದು ಎಚ್ಚರಿಕೆ. ನಮ್ಮ ಭಾಗದ ಮನೆಗಳಲ್ಲಿ ಸುಲಭವಾಗಿ ಸಿಗೋ ಒಣದ್ರಾಕ್ಷಿಯನ್ನು ಮಾತ್ರ ಕೊಡಲೇಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿಗೆ ವಿಷ ಆಗಬಹುದು, ಎಷ್ಟು ತಿಂದರೆ ಅಪಾಯ ಅಂತ ಮೊದಲೇ ಹೇಳೋಕೂ ಆಗಲ್ಲ. ಚಾಕೊಲೇಟ್, ಉಳ್ಳಾಗಡ್ಡಿ, ಬೆಳ್ಳುಳ್ಳಿ ಕೂಡ ಬೇಡ. ಹಾಗಾಗಿ ಶೇಂಗಾ ಹಿಂಡಿ ಕೂಡ ಲಿಸ್ಟ್‌ನಿಂದ ಹೊರಗೆ, ಅದರಲ್ಲಿ ಬೆಳ್ಳುಳ್ಳಿ, ಖಾರ ಎರಡೂ ಇರುತ್ತವೆ.

ಎರಡು, ಮೂರನೇ ವಾರ: ಸಪ್ಪಳಕ್ಕೆ ಹೊಂದಿಕೊಳ್ಳಲಿ

ಈಗ ಕಟರ್ ಹೊರಗೆ ತೆಗೆಯಬಹುದು. ಮೊದಲ ದಿನ ಅದನ್ನು ನೆಲದ ಮೇಲೆ ಇಟ್ಟುಬಿಡಿ. ನಾಯಿ ಬಂದು ಮೂಸಿ ನೋಡಿದರೆ ಒಂದು ತುಣುಕು. ಮಾರನೇ ದಿನ ಕೈಯಲ್ಲಿ ಹಿಡಿದು ಕಾಲಿಗೆ ತಾಗಿಸಿ ತೆಗೆಯಿರಿ, ಒಂದು ತುಣುಕು. ಆಮೇಲೆ ಸಪ್ಪಳ. ಮದ್ದು ಮುರಿದು ಹಾಕಿದ ಬೆಂಕಿಕಡ್ಡಿಯನ್ನೋ ಬೇಯಿಸದ ಶಾವಿಗೆ ಎಳೆಯನ್ನೋ ನಾಯಿಯ ಪಾದದ ಹತ್ತಿರ ಹಿಡಿದು ‘ಚಟ್’ ಅಂತ ಕತ್ತರಿಸಿ, ತಕ್ಷಣ ತಿನಿಸು ಕೊಡಿ. ಉಗುರು ಕತ್ತರಿಸಿದಾಗ ಬರೋ ಸಪ್ಪಳಕ್ಕೆ ಇದು ಹತ್ತಿರ. ಬಹಳಷ್ಟು ನಾಯಿಗಳು ಬೆಚ್ಚೋದು ಆ ಸಪ್ಪಳಕ್ಕೇ.

ಗ್ರೈಂಡರ್ ಬಳಸುವವರು ಇದೇ ಹಾದಿಯಲ್ಲಿ ಇನ್ನೂ ನಿಧಾನ ಹೋಗಬೇಕು. ಮಷಿನ್ ಆಫ್ ಇಟ್ಟು ತೋರಿಸೋದು, ಪಕ್ಕದ ಕೋಣೆಯಲ್ಲಿ ಆನ್ ಮಾಡೋದು, ಹತ್ತಿರ ತರೋದು. ಒಂದೇ ಕಡೆ ಹಿಡಿದುಕೊಂಡರೆ ಉಗುರು ಬಿಸಿಯಾಗುತ್ತದೆ, ಒಂದೆರಡು ಸೆಕೆಂಡಿಗೆ ಎತ್ತಬೇಕು.

ಯಾವ ಕಟರ್ ಅನ್ನೋ ಪ್ರಶ್ನೆಗೆ ಉತ್ತರ ಚಿಕ್ಕದು. ನಾಯಿಗಂತಲೇ ಬರುವ, ಕತ್ತರಿ ಥರದ ಎರಡು ಅಲಗಿನ ಕಟರ್ ದೊಡ್ಡ ನಾಯಿಗೆ ಅನುಕೂಲ. ಮನುಷ್ಯರ ನೇಲ್ ಕಟರ್ ಚಪ್ಪಟೆ ಉಗುರಿಗೆ ಮಾಡಿದ್ದು, ನಾಯಿಯ ದುಂಡು ಉಗುರನ್ನು ಜಜ್ಜುತ್ತದೆ, ಸೀಳುತ್ತದೆ. ಅಲಗು ಮೊಂಡಾದ ಕಟರ್ ಕೂಡ ಅಷ್ಟೇ. ರಕ್ತ ಬರದಿದ್ದರೂ ನಾಯಿ ಕಿರುಚಿದೆ ಅಂದರೆ ಅಲಗು ಒಮ್ಮೆ ನೋಡಿ.

ನಾಲ್ಕನೇ ವಾರ: ಒಂದೇ ಒಂದು ಉಗುರು

ಒಂದು ಉಗುರಿನ ತುದಿ ಕತ್ತರಿಸಿ, ದೊಡ್ಡ ತುಣುಕು ತಿನಿಸು ಕೊಟ್ಟು, ಕಟರ್ ಒಳಗಿಟ್ಟುಬಿಡಿ. ‘ಸುಮ್ನೆ ನಿಂತೈತಿ, ಇನ್ನೊಂದೆರಡು ಮಾಡಿ ಮುಗಿಸೋಣ’ ಅನ್ನೋ ಆಸೆ ಬರುತ್ತದೆ. ಅಲ್ಲೇ ಎಡವಟ್ಟಾಗೋದು. ದಿನಕ್ಕೊಂದು ಉಗುರು ಅಂದರೂ 18 ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ, ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿಸಬೇಕು ಅನ್ನೋ ಲೆಕ್ಕಕ್ಕೆ ಅದು ಸರಿಹೋಗುತ್ತದೆ. ಒಂದೇ ದಿನ ಎಲ್ಲಾ ಮುಗಿಸಲೇಬೇಕು ಅನ್ನೋ ಕಾನೂನು ಎಲ್ಲೂ ಇಲ್ಲ.

ಹೇಳಿದ ವಾರಗಳ ಲೆಕ್ಕ ಅಂದಾಜು ಮಾತ್ರ. ಮೂರು ತಿಂಗಳ ಮರಿ ಒಂದೇ ವಾರದಲ್ಲಿ ಒಪ್ಪಬಹುದು. ಹಿಂದೊಮ್ಮೆ ರಕ್ತ ಬಂದು ಹೆದರಿದ ನಾಯಿಗೆ ಮೂರು ತಿಂಗಳೂ ಬೇಕಾಗಬಹುದು. ಒಂದು ಹಂತದಲ್ಲಿ ನಾಯಿ ಕಾಲು ಎಳೆದುಕೊಂಡರೆ ಹಿಂದಿನ ಹಂತಕ್ಕೆ ಹೋಗಿ ಮತ್ತೆ ಶುರು ಮಾಡಬೇಕು.

ಕಾಲು ಹಿಡಿಯೋ ರೀತಿಯೂ ಗೊತ್ತಿರಲಿ. ಮುಧೋಳ ನಾಯಿಯಂಥ ಉದ್ದ ಕಾಲಿನ ನಾಯಿಯ ಕಾಲನ್ನು ಪಕ್ಕಕ್ಕೆ ಎಳೆದು ಎತ್ತಿದರೆ ಭುಜಕ್ಕೆ, ಸೊಂಟಕ್ಕೆ ನೋವಾಗುತ್ತದೆ. ಅದು ನಡೆಯುವಾಗ ಕಾಲು ಹೇಗೆ ಮಡಿಚುತ್ತದೋ ಅದೇ ದಿಕ್ಕಿಗೆ, ಸ್ವಲ್ಪವೇ ಎತ್ತಿ. ಮಲಗಿರುವಾಗ ಮಾಡಿದರೆ ಎತ್ತೋ ತಾಪತ್ರಯವೇ ಇಲ್ಲ. ಜಾರುವ ಟೈಲ್ಸ್ ಮೇಲೆ ನಿಲ್ಲಿಸಬೇಡಿ, ಗೋಣಿಚೀಲವನ್ನೋ ಕಂಬಳಿಯನ್ನೋ ಹಾಸಿ.

ಕಪ್ಪು ಉಗುರಲ್ಲಿ ಎಲ್ಲಿ ನಿಲ್ಲಿಸಬೇಕು?

ನಾಯಿಯ ಉಗುರಿನೊಳಗೆ ರಕ್ತನಾಳ, ನರ ಇರುವ ಜೀವದ ಭಾಗ ಇರುತ್ತದೆ. ಅದಕ್ಕೆ ತಾಗಿದರೆ ನೋವು, ರಕ್ತ ಎರಡೂ. ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣದಲ್ಲಿ ಹೊರಗೇ ಕಾಣುತ್ತದೆ, ಪಕ್ಕದಿಂದ ಮೊಬೈಲ್ ಟಾರ್ಚ್ ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಗುಲಾಬಿ ಶುರುವಾಗೋದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಬೇಕು.

ಕಪ್ಪು ಉಗುರಿನಲ್ಲಿ ಹೊರಗಿನಿಂದ ಏನೂ ಕಾಣಲ್ಲ. ಆದ್ದರಿಂದ ಒಂದೇ ಏಟಿಗೆ ಕತ್ತರಿಸಬಾರದು. ತುದಿಯ ಕೊಕ್ಕೆಯಂಥ ಭಾಗದಿಂದ ಉಳ್ಳಾಗಡ್ಡಿ ಹೆಚ್ಚಿದ ಹಾಗೆ ತೆಳ್ಳನೆ ಬಿಲ್ಲೆ ಬಿಲ್ಲೆಯಾಗಿ ತೆಗೆಯಬೇಕು. ಪ್ರತಿ ಸಲ ಕತ್ತರಿಸಿದ ಮೇಲೆ ಉಗುರಿನ ಮುಖ ತಿರುಗಿಸಿ ನೋಡಿ. ಮೊದಲು ಒಣಗಿದ, ಬೆಳ್ಳಗಿನ, ಸುಣ್ಣದಂಥ ಭಾಗ ಕಾಣುತ್ತದೆ. ಇನ್ನೊಂದೆರಡು ಬಿಲ್ಲೆ ತೆಗೆದ ಮೇಲೆ ಮಧ್ಯದಲ್ಲಿ ಬೇರೆ ಬಣ್ಣದ, ಕಪ್ಪಗೋ ಬೂದಿ ಬಣ್ಣಕ್ಕೋ ಕಾಣುವ, ಸ್ವಲ್ಪ ಹಸಿ ಹಸಿಯಾದ ಒಂದು ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಕಂಡ ಕೂಡಲೇ ನಿಲ್ಲಿಸಿ, ಮುಂದಿನದು ರಕ್ತ. ಸ್ನಾನ ಮಾಡಿಸಿದ ಮೇಲೆ ಉಗುರು ಸ್ವಲ್ಪ ಮೆತ್ತಗಾಗಿರುತ್ತದೆ, ಕತ್ತರಿಸಲು ಆಗ ಸುಲಭ.

ವರ್ಷಗಟ್ಟಲೆ ಬಿಟ್ಟ ಉಗುರಿನಲ್ಲಿ ಜೀವದ ಭಾಗವೂ ಉದ್ದಕ್ಕೆ ಬೆಳೆದಿರುತ್ತದೆ. ಅಂಥದ್ದನ್ನು ಒಂದೇ ಸಲ ಗಿಡ್ಡ ಮಾಡೋಕೆ ಹೋದರೆ ರಕ್ತ ಗ್ಯಾರಂಟಿ. ವಾರಕ್ಕೊಮ್ಮೆ ಚೂರು ಚೂರೇ ತೆಗೆಯುತ್ತಾ ಹೋದರೆ ಒಳಗಿನ ಭಾಗ ತಾನಾಗೇ ಹಿಂದೆ ಸರಿಯುತ್ತದೆ.

ರಕ್ತ ಬಂದೇ ಬಿಟ್ಟರೆ?

ಬರುತ್ತದೆ. ಎಷ್ಟೇ ಅನುಭವ ಇದ್ದವರ ಕೈಯಲ್ಲೂ ಒಂದೊಂದು ಸಲ ಬರುತ್ತದೆ. ನೋಡೋಕೆ ಬಹಳ ಅನ್ನಿಸಿದರೂ ಉಗುರಿನ ರಕ್ತದಿಂದ ಆರೋಗ್ಯವಂತ ನಾಯಿಯ ಜೀವಕ್ಕೆ ಅಪಾಯ ಇರಲ್ಲ. ಮನೆಯವರು ಗಾಬರಿಯಾಗಿ ಕೂಗಾಡಿದರೆ ನಾಯಿ ಡಬಲ್ ಹೆದರುತ್ತದೆ. ಸ್ವಚ್ಛ ಬಟ್ಟೆಯಿಂದ ಉಗುರಿನ ತುದಿಯನ್ನು ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ರಕ್ತ ನಿಲ್ಲಿಸುವ ಸ್ಟಿಪ್ಟಿಕ್ ಪೌಡರ್ ಪೆಟ್ ಶಾಪ್‌ಗಳಲ್ಲಿ ಸಿಗುತ್ತದೆ, ಕೆಲಸ ಶುರು ಮಾಡೋ ಮೊದಲೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಕಾರ್ನ್ ಫ್ಲೋರ್ ಒತ್ತಿ ಹಿಡಿದರೂ ನಡೆಯುತ್ತದೆ. ಸೀಮೆಎಣ್ಣೆ, ಸುಣ್ಣ, ತಂಬಾಕು ಹಚ್ಚೋ ಪ್ರಯೋಗ ಬೇಡ, ನಾಯಿ ಅದನ್ನು ನೆಕ್ಕುತ್ತದೆ.

ಹತ್ತು ಹದಿನೈದು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ವೈದ್ಯರ ಹತ್ತಿರ ಹೋಗಲೇಬೇಕು. ಉಣ್ಣೆ ಕಚ್ಚಿ ಬರುವ ಜ್ವರ ಇರುವ ನಾಯಿಗಳಲ್ಲಿ ಪ್ಲೇಟ್‌ಲೆಟ್ ಕಮ್ಮಿಯಾಗಿ ರಕ್ತ ಬೇಗ ಹೆಪ್ಪುಗಟ್ಟಲ್ಲ. ಮೈ ತುಂಬಾ ಉಣ್ಣೆ ಇದ್ದು, ಊಟ ಬಿಟ್ಟು ಮಂಕಾಗಿರುವ ನಾಯಿಯ ಉಗುರಿಗೆ ಆಗ ಕೈ ಹಾಕೋದೇ ಬೇಡ. ಮೊದಲು ಜ್ವರಕ್ಕೆ ಔಷಧ ಆಗಲಿ.

ರಕ್ತ ಬಂದ ಮೇಲೆ ಕನಿಷ್ಠ ಒಂದು ವಾರ ಕಟರ್ ಮುಟ್ಟಬೇಡಿ. ಮತ್ತೆ ಭುಜ ಮುಟ್ಟೋದರಿಂದಲೇ ಶುರು.

ಗುರ್ ಅಂದರೆ ಹೊಡೆಯಬೇಡಿ

ನಾಯಿ ಕಚ್ಚೋ ಮೊದಲು ಬಹಳಷ್ಟು ಸಲ ಹೇಳುತ್ತದೆ, ನಮಗೆ ಕೇಳಿಸಲ್ಲ ಅಷ್ಟೇ. ತುಟಿ ನೆಕ್ಕಿಕೊಳ್ಳೋದು, ನಿದ್ದೆ ಬರದಿದ್ದರೂ ಆಕಳಿಸೋದು, ಮುಖ ಪಕ್ಕಕ್ಕೆ ತಿರುಗಿಸೋದು, ಕಣ್ಣಿನ ಬಿಳಿ ಭಾಗ ಕಾಣೋ ಹಾಗೆ ಓರೆಗಣ್ಣಲ್ಲಿ ನೋಡೋದು, ಬಾಲ ಮುದುಡಿಕೊಳ್ಳೋದು. ಇವೆಲ್ಲ ‘ಸಾಕು’ ಅನ್ನೋ ಮಾತು. ಇವನ್ನು ಲೆಕ್ಕಿಸದಿದ್ದಾಗ ಗುರ್ ಅನ್ನುತ್ತದೆ. ಆಗ ಒಂದು ಏಟು ಕೊಟ್ಟರೆ ನಾಯಿ ಸುಮ್ಮನಾಗಬಹುದು. ಆದರೆ ಅದು ಕಲಿಯೋದು ‘ಗುರ್ ಅನ್ನಬಾರದು’ ಅಂತ ಮಾತ್ರ. ಭಯ ಹಾಗೇ ಉಳಿದಿರುತ್ತದೆ. ಮುಂದಿನ ಸಲ ಗುರ್ ಅನ್ನದೇ ನೇರವಾಗಿ ಬಾಯಿ ಹಾಕುತ್ತದೆ.

ಇನ್ನೊಂದು ಗಮನಿಸಬೇಕಾದ ವಿಷಯ ಇದೆ. ಕೆಲವು ನಾಯಿಗಳು ಕಲ್ಲಿನ ಹಾಗೆ ಅಲುಗಾಡದೇ ನಿಂತುಬಿಡುತ್ತವೆ. ‘ನಮ್ಮ ನಾಯಿ ಭಾಳ ಶಾಂತ’ ಅಂತ ಮನೆಯವರು ಖುಷಿಪಡುತ್ತಾರೆ. ತಿನಿಸು ಕೊಟ್ಟು ನೋಡಿ. ಇಷ್ಟದ ಚಿಕನ್ ಕೂಡ ಮುಟ್ಟಲಿಲ್ಲ ಅಂದರೆ ಅದು ಶಾಂತವಲ್ಲ, ಹೆದರಿ ಮರಗಟ್ಟಿದ್ದು.

ಬಾಯಿಗೆ ಹಗ್ಗ, ಟವೆಲ್ ಬಿಗಿಯೋ ಅಭ್ಯಾಸ ಬಿಡಬೇಕು. ನಾಯಿ ಮೈ ತಂಪು ಮಾಡಿಕೊಳ್ಳೋದೇ ಬಾಯಿ ತೆರೆದು ಏದುಸಿರು ಬಿಟ್ಟು. ಬಾಗಲಕೋಟೆಯ ಏಪ್ರಿಲ್, ಮೇ ಬಿಸಿಲಿನಲ್ಲಿ ಹೆದರಿದ ನಾಯಿಯ ಬಾಯಿ ಕಟ್ಟಿ ಒತ್ತಿ ಹಿಡಿದರೆ ಮೈ ಕಾವೇರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಕಚ್ಚೋ ಭಯ ಇದ್ದರೆ ಬುಟ್ಟಿಯಂಥ ಜಾಲರಿ ಬಾಯಿಕುಕ್ಕೆ ಸಿಗುತ್ತದೆ. ಅದರಲ್ಲಿ ಬಾಯಿ ತೆರೆಯಬಹುದು, ತಿನಿಸೂ ತಿನ್ನಬಹುದು. ಅದನ್ನು ಕೂಡ ತಿನಿಸು ಕೊಟ್ಟು ಕೊಟ್ಟು ಅಭ್ಯಾಸ ಮಾಡಿಸಬೇಕು. ಮಕ್ಕಳಿಗೆ ನಾಯಿಯ ಮುಖ ಹಿಡಿಯೋ ಕೆಲಸ ಕೊಡಲೇಬೇಡಿ.

ಅಕಸ್ಮಾತ್ ಹಲ್ಲು ತಾಗಿ ಚರ್ಮ ತರಚಿದರೆ, ಮನೆ ನಾಯಿಯೇ ಆದರೂ, ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಗಾಯಕ್ಕೆ ಸುಣ್ಣ, ಖಾರದ ಪುಡಿ ಹಚ್ಚಬೇಡಿ. ನಾಯಿಗೆ ರೇಬೀಸ್ ಲಸಿಕೆ ಯಾವಾಗ ಹಾಕಿಸಿದ್ದು ಅನ್ನೋ ಕಾರ್ಡ್ ಜೊತೆಗೆ ಒಯ್ಯಿರಿ.

ಕಾಲು ಮುಟ್ಟೋಕೇ ಬಿಡಲ್ಲ ಅನ್ನೋ ನಾಯಿಗೆ

ಒಂದು ಹಲಗೆ, ಒಂದು ಸ್ಯಾಂಡ್ ಪೇಪರ್ ಸಾಕು. ಹಾರ್ಡ್‌ವೇರ್ ಅಂಗಡಿಯಲ್ಲಿ 80 ನಂಬರಿನ ಸ್ಯಾಂಡ್ ಪೇಪರ್ ತಂದು ಒಂದೂವರೆ ಎರಡು ಅಡಿ ಉದ್ದದ ಹಲಗೆಗೆ ಫೆವಿಕಾಲ್ ಹಾಕಿ ಅಂಟಿಸಿ. ಹಲಗೆಯನ್ನು ಓರೆಯಾಗಿ ಹಿಡಿದು, ಅದರ ಕೆಳಗೆ ಬಟ್ಟೆಯಲ್ಲಿ ತಿನಿಸು ಮುಚ್ಚಿಡಿ. ನಾಯಿ ಮುಂಗಾಲಿನಿಂದ ಕೆರೆಯುತ್ತದೆ. ಕೆರೆದ ಕೂಡಲೇ ಮೇಲಿಂದ ಒಂದು ತುಣುಕು ಕೊಡಿ. ಎರಡು ಮೂರು ದಿನದಲ್ಲಿ ಹಲಗೆ ಕಂಡರೆ ಸಾಕು, ತಾನೇ ಬಂದು ಕೆರೆಯುತ್ತದೆ, ಉಗುರು ಸವೆಯುತ್ತದೆ. ದಿನಕ್ಕೆ ಒಂದೆರಡು ನಿಮಿಷಕ್ಕಿಂತ ಜಾಸ್ತಿ ಬೇಡ, ಪಾದದ ಮೆತ್ತೆ ಕೆಂಪಾಗಿದೆಯಾ ಅಂತ ನೋಡುತ್ತಿರಿ. ಹಿಂಗಾಲು, ಹೆಬ್ಬೆಟ್ಟಿನ ಉಗುರಿಗೆ ಇದು ಅಷ್ಟಾಗಿ ಕೆಲಸ ಮಾಡಲ್ಲ. ಆದರೂ 18ರಲ್ಲಿ ಎಂಟು ಉಗುರಿನ ಜಗಳ ತಪ್ಪಿತಲ್ಲ.

ಇದೆಲ್ಲ ಮಾಡಿದರೂ ಆಗದ ನಾಯಿಗಳಿವೆ. ಅಂಥವಕ್ಕೆ ಮನೆಯಿಂದ ಹೊರಡೋ ಮೊದಲೇ ಕೊಡಬಹುದಾದ, ಭಯ ಇಳಿಸುವ ಮಾತ್ರೆಗಳನ್ನು ಪಶುವೈದ್ಯರು ಬರೆದುಕೊಡುತ್ತಾರೆ. ಬೇಕಾದರೆ ಮಂಪರು ಬರಿಸಿ ಉಗುರು ತೆಗೆಯುತ್ತಾರೆ. ಮನುಷ್ಯರ ನಿದ್ದೆ ಮಾತ್ರೆಯನ್ನು ಅರ್ಧ ಮಾಡಿ ಕೊಡೋದು ಅಪಾಯಕಾರಿ ಕೆಲಸ. ಗ್ರೇಹೌಂಡ್‌ನಂಥ ತೆಳು ಮೈಯ, ಕೊಬ್ಬು ಕಮ್ಮಿ ಇರುವ ನಾಯಿಗಳಲ್ಲಿ ಕೆಲವು ಅರಿವಳಿಕೆ ಔಷಧಗಳ ಅಮಲು ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಮುಧೋಳ ನಾಯಿಯ ಮೈಕಟ್ಟೂ ಅದೇ ಥರದ್ದು. ನಾಯಿಯನ್ನು ಬೆಂಗಳೂರು, ಪುಣೆ ಕಡೆ ಒಯ್ದವರು ಅಲ್ಲಿನ ವೈದ್ಯರಿಗೆ ತಳಿ ಯಾವುದು ಅಂತ ಮೊದಲೇ ತಿಳಿಸೋದು ಒಳ್ಳೆಯದು.

ಮರಿ ಕೊಡುವವರು ಮಾಡಬಹುದಾದ ಒಂದು ಕೆಲಸ ಇದೆ. ಮುಧೋಳ ತಾಲ್ಲೂಕಿನಲ್ಲಿ ಮರಿ ಸಾಕಿ ಮಾರುವ ಕುಟುಂಬಗಳು ಸಾಕಷ್ಟಿವೆ, ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಮರಿ ಮೂರು ವಾರದಿಂದ ಮೂರು ತಿಂಗಳೊಳಗೆ ಏನೇನು ನೋಡುತ್ತದೋ ಅದಕ್ಕೆಲ್ಲ ಸುಲಭವಾಗಿ ಹೊಂದಿಕೊಳ್ಳುತ್ತದೆ. ಮರಿ ತಾಯಿಯ ಹತ್ತಿರ ಇರುವಾಗಲೇ ದಿನಾ ಒಂದು ನಿಮಿಷ ನಾಲ್ಕೂ ಪಾದ ಮುಟ್ಟಿ, ಬೆರಳು ಬಿಡಿಸಿ, ವಾರಕ್ಕೊಮ್ಮೆ ಉಗುರಿನ ಚೂಪು ತುದಿ ತೆಗೆದರೆ ಕೊಂಡವರ ಮನೆಯಲ್ಲಿ ಅರ್ಧ ತಾಪತ್ರಯ ಇರಲ್ಲ. ಮರಿ ಕೊಳ್ಳಲು ಹೋದವರು ಕಿವಿ, ಬಾಲ, ಕಾಲುದ್ದ ನೋಡಿದ ಮೇಲೆ ಪಾದ ಹಿಡಿದು ಒಂದು ಸಲ ಬೆರಳು ಒತ್ತಿ ನೋಡಿ, ಮಾರುವವರು ಮುಟ್ಟಿ ಬೆಳೆಸಿದ್ದಾರೋ ಇಲ್ಲವೋ ಸ್ವಲ್ಪ ಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ.